ಒಳ್ಳೆ ಸಿನಿಮಾ ನೋಡೋಕೆ ಮಲ್ಟಿಪ್ಲೆಕ್ಸೇ ಬೇಕಿಲ್ಲ

ಮೊನ್ನೆ ಒಬ್ರು ಕೇಳಿದ್ರಲ್ಲ, ಬೇರೆ ಥರದ ಸಿನಿಮಾ ಬೆಂಗಳೂರಲ್ಲಿ ಎಲ್ಲಿ ಸಿಗುತ್ತೆ ಅಂತ, ಅವರಿಗೇ ಈ ಪೋಸ್ಟು. ಬನಶಂಕರಿ 2ನೇ ಹಂತದ ಸುಚಿತ್ರಾದಿಂದ ಶುರು ಮಾಡಿ. 1971ರಲ್ಲಿ ಹುಟ್ಟಿದ ಫಿಲ್ಮ್ ಸೊಸೈಟಿ ಅದು, ಈಗ್ಲೂ ಸಿನಿಮಾ, ನಾಟಕ, ಮಾತುಕತೆ ನಡೀತಾನೇ ಇರುತ್ತೆ. ದೊಮ್ಮಲೂರಿನ ಬಿಐಸಿ (ಬೆಂಗಳೂರು ಇಂಟರ್‌ನ್ಯಾಷನಲ್ ಸೆಂಟರ್), ಇಂದಿರಾನಗರದಲ್ಲಿರೋ ಜರ್ಮನ್ ಸಾಂಸ್ಕೃತಿಕ ಕೇಂದ್ರ ಮ್ಯಾಕ್ಸ್ ಮುಲ್ಲರ್ ಭವನ, ವಸಂತನಗರದಲ್ಲಿರೋ ಫ್ರೆಂಚ್ ಸಾಂಸ್ಕೃತಿಕ ಕೇಂದ್ರ ಅಲಿಯಾನ್ಸ್ ಫ್ರಾನ್ಸೇಸ್ ಇವನ್ನೂ ಫಾಲೋ ಮಾಡ್ಕೊಳ್ಳಿ, ಯಾಕಂದ್ರೆ ಇಂಥ ಶೋಗಳು ಒಂದೇ ಸಲ ಇರೋದು, ಮುಂದಿನ ವಾರ ನೋಡೋಣ ಅಂತ ಬಿಟ್ರೆ ಹೋಯ್ತು ಅಷ್ಟೇ.

ಫ್ರೀ ಎಂಟ್ರಿ ಇದ್ದ ಕಡೆ ಮೊದಲು ಬಂದವರಿಗೆ ಸೀಟು, ರಿಜಿಸ್ಟರ್ ಮಾಡಿದ್ರೂ ಅರ್ಧ ಗಂಟೆ ಮುಂಚೆ ಹೋಗಿ. ನಾನು ಒಂದ್ಸಲ ಟ್ರಾಫಿಕ್ಕಲ್ಲಿ ಸಿಕ್ಕಾಕೊಂಡು ಲೇಟಾಗಿ ಹೋಗಿ ಕೊನೇ ಮೆಟ್ಲ ಮೇಲೆ ಕೂತು ನೋಡಿದೀನಿ, ಮುಂದೆ ಕೂತವರ ತಲೆ ಅಡ್ಡ ಬಂದು ಸಬ್‌ಟೈಟಲ್ಲಿನ ಎರಡನೇ ಸಾಲು ಪೂರ್ತಿ ಕಾಣ್ತಿರ್ಲಿಲ್ಲ, ಇರಾನಿ ಸಿನಿಮಾ ಬೇರೆ! ಅದಕ್ಕೇ ನಡುವಿನ ಸಾಲಿಗಿಂತ ಸ್ವಲ್ಪ ಹಿಂದೆ, ಓಡಾಡೋ ದಾರಿ ಪಕ್ಕದ ಸೀಟು ಹಿಡೀರಿ. ಇಂದಿರಾನಗರಕ್ಕೆ ನೇರಳೆ ಮಾರ್ಗದ ಮೆಟ್ರೋನೇ ವಾಸಿ.

ಇನ್ನೊಂದು, ಸಿನಿಮಾ ಮುಗಿದ ತಕ್ಷಣ ಎದ್ದು ಬರ್ಬೇಡಿ. ನಿರ್ದೇಶಕರು ಬಂದಿದ್ರೆ ಸಂವಾದ ಇರುತ್ತೆ, ಕನ್ನಡದಲ್ಲೇ ಕೇಳಿ, ಸಂಕೋಚ ಬೇಡ. ನಂಗಂತೂ ಎಷ್ಟೋ ಸಲ ಸಿನಿಮಾ ಅರ್ಥ ಆಗಿದ್ದೇ ಆ ಇಪ್ಪತ್ತು ನಿಮಿಷದಲ್ಲಿ. ಈ ವಾರ ಯಾರಾದ್ರೂ ಹೋಗೋರಿದ್ರೆ ಕೆಳಗೆ ಹೇಳಿ, ಜೊತೆಗೆ ಹೋಗೋಣ.