ಹಂದಿಯ ಜೀವಕೋಶ, ಮನುಷ್ಯನ ಸೀರಮ್: ಕ್ರಾಸ್‌ಮ್ಯಾಚ್ ಮಾಡುವ ನಮ್ಮ ಕ್ರಮ

ಹಂದಿಯ ಅಂಗವನ್ನು ಮನುಷ್ಯನಿಗೆ ಕಸಿ ಮಾಡುವ ಮೊದಲು, ರೋಗಿಯ ಪ್ರತಿಕಾಯ ಹಂದಿಯ ಕೋಶಕ್ಕೆ ಎಷ್ಟು ಅಂಟುತ್ತದೆಂದು ನೋಡುವ ಪರೀಕ್ಷೆಯೇ ಕ್ರಾಸ್‌ಮ್ಯಾಚ್. ಹಂದಿಯ ಕೋಶಗಳ ಮೇಲಿರುವ ಆಲ್ಫಾ-ಗ್ಯಾಲ್ ಸಕ್ಕರೆಯ ವಿರುದ್ಧ ಪ್ರತಿಕಾಯ ನಮ್ಮೆಲ್ಲರ ರಕ್ತದಲ್ಲೂ ಸಿದ್ಧವಾಗಿಯೇ ಇರುತ್ತದೆ. ಜೀನ್ ಬದಲಾಯಿಸದ ಹಂದಿಯ ಅಂಗ ರಕ್ತ ಹರಿದ ನಿಮಿಷ-ಗಂಟೆಗಳಲ್ಲೇ ಕೆಡುವುದು ಮುಖ್ಯವಾಗಿ ಇದರಿಂದ. ಹಾಗಾಗಿ ಆಲ್ಫಾ-ಗ್ಯಾಲ್, ಎನ್‌ಇಯು5ಜಿಸಿ, ಎಸ್‌ಡಿಎ ಎಂಬ ಮೂರು ಸಕ್ಕರೆಗಳಿಗೆ ಕ್ರಮವಾಗಿ ಕಾರಣವಾದ ಜಿಜಿಟಿಎ1, ಸಿಎಂಎಎಚ್, ಬಿ4ಗಾಲ್‌ಎನ್‌ಟಿ2 ಮೂರೂ ಜೀನ್ ತೆಗೆದ ಹಂದಿ ಬೇಕು. ತೆಗೆದದ್ದು ನಿಜವೇ ಎಂದು ಮೊದಲು ನೋಡಿಕೊಳ್ಳುತ್ತೇವೆ: ಆಲ್ಫಾ-ಗ್ಯಾಲ್‌ಗೆ ಐಬಿ4 ಲೆಕ್ಟಿನ್ (ಸಕ್ಕರೆಗೆ ಅಂಟುವ ಪ್ರೋಟೀನ್), ಎಸ್‌ಡಿಎಗೆ ಡಿಬಿಎ ಲೆಕ್ಟಿನ್, ಎನ್‌ಇಯು5ಜಿಸಿಗೆ ಕೋಳಿಯ ಪ್ರತಿಕಾಯ. ಐಬಿ4 ಅಂಟಲು ಕ್ಯಾಲ್ಸಿಯಂ ಬೇಕೇ ಬೇಕು. ಬಫರ್‌ನಲ್ಲಿ ಕ್ಯಾಲ್ಸಿಯಂ ಹಿಡಿದಿಡುವ ಇಡಿಟಿಎ ಇದ್ದರೆ ಮಾಮೂಲಿ ಹಂದಿಯ ಕೋಶವೂ 'ಗ್ಯಾಲ್ ಇಲ್ಲ' ಎಂದು ತೋರಿಸಿಬಿಡುತ್ತದೆ. ಅದಕ್ಕೇ ಮಾಮೂಲಿ ಹಂದಿಯ ಕೋಶದ ಟ್ಯೂಬ್ ಪ್ರತಿ ಸಲವೂ ಪಕ್ಕದಲ್ಲಿರಬೇಕು.

ಫೈಕಾಲ್ ದ್ರವದ ಮೇಲೆ ಬೇರ್ಪಡಿಸಿದ ಹಂದಿಯ ಬಿಳಿ ರಕ್ತಕಣಗಳನ್ನು ಟ್ಯೂಬಿಗೆ 2 ಲಕ್ಷದಂತೆ ಹಾಕುತ್ತೇವೆ. ರೋಗಿಯ ಸೀರಮ್ಮನ್ನು 56 ಡಿಗ್ರಿಯಲ್ಲಿ 30 ನಿಮಿಷ ಕಾಯಿಸಿ, ಜೋರಾಗಿ ತಿರುಗಿಸಿ ಗಂಟುಗಳನ್ನು ತೆಗೆಯುತ್ತೇವೆ. ಅದು ಶೇ. 25ರ ಪ್ರಮಾಣದಲ್ಲಿ, 4 ಡಿಗ್ರಿಯಲ್ಲಿ, ಅರ್ಧ ಗಂಟೆ ಕೋಶಗಳ ಜೊತೆ ಇರಲಿ. ಮೂರು ಸಲ ತೊಳೆದ ಮೇಲೆ ಐಜಿಎಂ, ಐಜಿಜಿ ಎಂಬ ಎರಡು ಬಗೆಯ ಪ್ರತಿಕಾಯಕ್ಕೂ ಬೇರೆ ಬೇರೆ ಟ್ಯೂಬ್. ಸಿಡಿ3 ಗುರುತು ಇರುವ ಟಿ ಕೋಶಗಳನ್ನಷ್ಟೇ ಎಣಿಸಬೇಕು: ಮಾನೋಸೈಟುಗಳು ಪ್ರತಿಕಾಯದ ಬಾಲ ಹಿಡಿಯುವ ಎಫ್‌ಸಿ ಗ್ರಾಹಕದಿಂದಲೇ ಐಜಿಜಿ ಹಿಡಿದುಕೊಳ್ಳುತ್ತವೆ, ಬಿ ಕೋಶಗಳ ಮೈಮೇಲೆ ಹಂದಿಯದೇ ಐಜಿಎಂ ಇರುತ್ತದೆ.

ಹೆಚ್ಚು ಜನ ಎಡವುವುದು ಕರುವಿನ ಸೀರಮ್‌ನಲ್ಲಿ. ಅದರ ತುಂಬ ಎನ್‌ಇಯು5ಜಿಸಿ. ಬಫರ್‌ನಲ್ಲಿದ್ದರೆ ರೋಗಿಯ ಪ್ರತಿಕಾಯವನ್ನು ಅದೇ ನುಂಗಿ ಫಲಿತಾಂಶ ಸುಳ್ಳೇ ಇಳಿಯುತ್ತದೆ. ರಕ್ತನಾಳದ ಒಳಪದರದ ಕೋಶಗಳನ್ನು ಅದರಲ್ಲೇ ಬೆಳೆಸಿದರೆ, ಸಿಎಂಎಎಚ್ ಇಲ್ಲದ ಕೋಶವೂ ಆ ಸಕ್ಕರೆಯನ್ನು ಹೀರಿ ಮೈಮೇಲೆ ಹೊತ್ತುಕೊಳ್ಳುತ್ತದೆ, ಫಲಿತಾಂಶ ಸುಳ್ಳೇ ಏರುತ್ತದೆ. ನಾವು ತೊಳೆಯಲು ಮಾನವ ಆಲ್ಬುಮಿನ್ ಬಳಸುತ್ತೇವೆ. ಬೆಳೆಸಿದ ಕೋಶಗಳನ್ನು ಪರೀಕ್ಷೆಗೆ ಕೆಲವು ದಿನ ಮೊದಲೇ ಮಾನವ ಸೀರಮ್‌ಗೆ ಬದಲಿಸುತ್ತೇವೆ. ಬಬೂನ್ ಸೀರಮ್‌ನಿಂದ ಮನುಷ್ಯರ ಬಗ್ಗೆ ತೀರ್ಮಾನಿಸುವುದಂತೂ ಬೇಡ. ಅವುಗಳಲ್ಲಿ ಎನ್‌ಇಯು5ಜಿಸಿ ಸಹಜವಾಗಿಯೇ ಇದೆ, ಹಂದಿಯಲ್ಲಿ ಸಿಎಂಎಎಚ್ ತೆಗೆದರೆ ಬಬೂನ್‌ಗಳ ಪ್ರತಿಕಾಯಕ್ಕೆ ಹೊಸದೇ ಒಂದು ಗುರಿ ತೆರೆದುಕೊಳ್ಳುತ್ತದೆ.

ಇಷ್ಟಾದರೂ ಐಜಿಜಿ ಉಳಿದಿದ್ದರೆ ರೋಗಿಯ ಎಚ್‌ಎಲ್‌ಎ (ಮನುಷ್ಯರ ಕೋಶಗಳ ಮೇಲಿನ ಗುರುತಿನ ಪ್ರೋಟೀನ್) ವಿರುದ್ಧದ ಪ್ರತಿಕಾಯಗಳ ವರದಿ ತೆರೆಯಿರಿ. ಅವುಗಳಲ್ಲಿ ಕೆಲವು ಹಂದಿಯಲ್ಲಿ ಅದಕ್ಕೆ ಸಮನಾದ ಎಸ್‌ಎಲ್‌ಎಗೂ ಅಂಟುತ್ತವೆ.

2022ರ ಜನವರಿಯಲ್ಲಿ ಮೇರಿಲ್ಯಾಂಡ್‌ನಲ್ಲಿ ಕಸಿ ಮಾಡಿದ ಹೃದಯ 10 ಜೀನ್ ಬದಲಿಸಿದ ಹಂದಿಯದು. ಸೇರಿಸಿದ್ದರಲ್ಲಿ ಕಾಂಪ್ಲಿಮೆಂಟ್ (ಪ್ರತಿಕಾಯ ಅಂಟಿದ ಕೋಶವನ್ನು ಕೊಲ್ಲುವ ರಕ್ತದ ಪ್ರೋಟೀನುಗಳು) ತಡೆಯುವ ಮಾನವ ಸಿಡಿ46, ಸಿಡಿ55 ಇದ್ದವು. ಅಂಟುವಿಕೆ ಅಳೆಯುವ ಈ ಪರೀಕ್ಷೆಯಲ್ಲಿ ಅವುಗಳ ಕೆಲಸ ಕಾಣುವುದಿಲ್ಲ. ಅದಕ್ಕೆ ಒಳಪದರದ ಕೋಶಗಳನ್ನೇ ತೆಗೆದುಕೊಂಡು, 37 ಡಿಗ್ರಿಯಲ್ಲಿ, ಮೊಲದ್ದಲ್ಲ, ಮನುಷ್ಯನದೇ ಕಾಂಪ್ಲಿಮೆಂಟ್ ಹಾಕಿ ಎಷ್ಟು ಕೋಶ ಸತ್ತವೆಂದು ಎಣಿಸಬೇಕು.