ಕಾನೂನು ನೆರವು ಕ್ಲಿನಿಕ್‌ನಲ್ಲಿ ಸಂಶೋಧನೆ: ಮೊದಲು ದಿನಾಂಕ, ಆಮೇಲೆ ತೀರ್ಪು

ಕ್ಲಿನಿಕ್‌ಗೆ ಸ್ವಯಂಸೇವಕರಾಗಿ ಬರುವ ಕಾನೂನು ವಿದ್ಯಾರ್ಥಿಗಳ ಕೈಗೆ ನಾನು ಮೊದಲು ಕೊಡುವುದು ಕಡತ ಮತ್ತು ಒಂದು ಬಿಳಿ ಹಾಳೆ. ಕಂಪ್ಯೂಟರ್ ಆಮೇಲೆ. ಕಡತದಲ್ಲಿರುವ ಪ್ರತಿ ದಾಖಲೆಯ ದಿನಾಂಕವನ್ನು ಹಳೆಯದರಿಂದ ಹೊಸದಕ್ಕೆ ಒಂದರ ಕೆಳಗೊಂದು ಬರೆಯಬೇಕು. ದಿನಾಂಕ ಸಿಗದ ಕಡೆ ಅಂದಾಜು ಹಾಕದೆ ಜಾಗ ಖಾಲಿ ಬಿಡಬೇಕು. ಯಾವ ಕಾಯ್ದೆ, ಯಾವ ತಿದ್ದುಪಡಿ, ಯಾವ ತೀರ್ಪು ಈ ಕಕ್ಷಿದಾರರಿಗೆ ಅನ್ವಯಿಸುತ್ತದೆ ಎಂಬುದು ಬಹುಪಾಲು ಈ ಹಾಳೆಯ ಮೇಲೆಯೇ ನಿಂತಿರುತ್ತದೆ. ಹುಡುಕಾಟದ ತಂತ್ರ ಎಷ್ಟು ಚೆನ್ನಾಗಿ ಗೊತ್ತಿದ್ದರೂ ದಿನಾಂಕ ತಪ್ಪಿದರೆ ಉತ್ತರವೂ ತಪ್ಪುತ್ತದೆ.

ಕರ್ನಾಟಕದ ಕ್ಲಿನಿಕ್‌ಗಳಿಗೆ ಬರುವ ಪಿಟಿಸಿಎಲ್ (ಪರಿಶಿಷ್ಟ ಜಾತಿ, ಪಂಗಡಗಳಿಗೆ ಮಂಜೂರಾದ ಜಮೀನಿನ ವರ್ಗಾವಣೆ ನಿಷೇಧಿಸುವ ಕಾಯ್ದೆ) ಪ್ರಕರಣವನ್ನೇ ನೋಡಿ. ಪರಿಶಿಷ್ಟರಿಗೆ ಮಂಜೂರಾದ ಜಮೀನನ್ನು ತಂದೆಯೋ ಅಜ್ಜನೋ ಮಾರಿದ್ದಾರೆ, ಈಗ ಮಕ್ಕಳು ವಾಪಸ್ ಕೇಳುತ್ತಿದ್ದಾರೆ. 1978ರ ಕಾಯ್ದೆ ಜಾರಿಗೆ ಬಂದದ್ದು 1979ರ ಜನವರಿ 1ರಂದು. ಆ ದಿನದ ನಂತರದ ಪರಭಾರೆಗೆ (ಮಾರಾಟ, ದಾನದಂಥ ವರ್ಗಾವಣೆಗೆ) ಸರ್ಕಾರದ ಪೂರ್ವಾನುಮತಿ ಇತ್ತೇ ಎಂಬುದೇ 4(2)ನೇ ಕಲಂ ಕೇಳುವ ಪ್ರಶ್ನೆ. ಅದಕ್ಕೂ ಹಿಂದಿನ ಮಾರಾಟವಾದರೆ ಪ್ರಶ್ನೆಯೇ ಬೇರೆ: ಮಂಜೂರಾತಿಯ ಷರತ್ತು ಅಥವಾ ಆ ಕಾಲದ ಕಾನೂನು ಉಲ್ಲಂಘನೆಯಾಗಿತ್ತೇ? ಇದಕ್ಕೆ ಸಾಗುವಳಿ ಚೀಟಿಯಲ್ಲಿರುವ (ಜಮೀನು ಮಂಜೂರಾದಾಗ ಕೊಟ್ಟ ಪತ್ರದಲ್ಲಿರುವ) ‘ಇಷ್ಟು ವರ್ಷ ಪರಭಾರೆ ಮಾಡತಕ್ಕದ್ದಲ್ಲ’ ಎಂಬ ಸಾಲು ಬೇಕು. ಆ ಸಾಲು ಓದದೆ ತೀರ್ಪು ಹುಡುಕಲು ಹೊರಟವರು ರಾಶಿ ತೀರ್ಪು ತರುತ್ತಾರೆ, ಒಂದೂ ಹೊಂದುವುದಿಲ್ಲ.

ಮುಂದಿನ ದಿನಾಂಕ ಮಕ್ಕಳು ಉಪವಿಭಾಗಾಧಿಕಾರಿಗೆ ಅರ್ಜಿ ಕೊಟ್ಟದ್ದು. ಕಾಯ್ದೆಯ ಸಿಂಧುತ್ವವನ್ನು ಸುಪ್ರೀಂ ಕೋರ್ಟ್ 1984ರಲ್ಲಿ ಮಂಚೇಗೌಡ ಪ್ರಕರಣದಲ್ಲಿ ಎತ್ತಿಹಿಡಿಯಿತು. ನೆಕ್ಕಂಟಿ ರಾಮಲಕ್ಷ್ಮಿ ಪ್ರಕರಣದಲ್ಲಿ, 2017ರಲ್ಲಿ, ಕಾಯ್ದೆಯಲ್ಲಿ ಅವಧಿ ಹೇಳದಿದ್ದರೂ ಅರ್ಜಿಯನ್ನು ಸಮಂಜಸ ಕಾಲದೊಳಗೆ ಹಾಕಬೇಕು ಎಂದಿತು. ಹುಡುಕಾಟವನ್ನು ಅಲ್ಲಿಗೇ ನಿಲ್ಲಿಸಿದ ವಿದ್ಯಾರ್ಥಿ ‘ತಡವಾಗಿದೆ, ಆಗುವುದಿಲ್ಲ’ ಎಂದು ಬರೆದುಬಿಡುತ್ತಾನೆ. ಆದರೆ 2023ರಲ್ಲಿ ರಾಜ್ಯ ಶಾಸಕಾಂಗ 5ನೇ ಕಲಮಿಗೆ ತಿದ್ದುಪಡಿ ತಂದು, ಅರ್ಜಿಗೆ ಕಾಲಮಿತಿ ಇಲ್ಲ, ಬಾಕಿ ಇರುವ ಪ್ರಕರಣಗಳಿಗೂ ಇದು ಅನ್ವಯ ಎಂದಿತು. ಇಲ್ಲಿಗೆ ನಿಲ್ಲಿಸಿದವರು ‘ಚಿಂತೆಯಿಲ್ಲ’ ಎಂದು ಬರೆಯುತ್ತಾರೆ. ಅದೂ ಅರ್ಧ ಉತ್ತರವೇ. 2024ರಲ್ಲಿ ಹೈಕೋರ್ಟಿನ ವಿಭಾಗೀಯ ಪೀಠ, ಕಾಲಮಿತಿ ಬೇರೆ, ಹಕ್ಕನ್ನು ಕೇಳದೆ ಸುಮ್ಮನಿದ್ದ ವಿಳಂಬ ಬೇರೆ ಎಂದು ಎರಡನ್ನೂ ಬಿಡಿಸಿ ನೋಡಿತು. ಆದ್ದರಿಂದ ವಕೀಲರಿಗಾಗಿ ವಿದ್ಯಾರ್ಥಿ ಬರೆಯುವ ಸಂಶೋಧನಾ ಟಿಪ್ಪಣಿಯಲ್ಲಿ ಬರಬೇಕಾದದ್ದು ತೀರ್ಪು, ತಿದ್ದುಪಡಿ, ತಿದ್ದುಪಡಿಯ ನಂತರದ ತೀರ್ಪು ಮೂರೂ. ಜೊತೆಗೆ ಆ ಮನೆಯವರು ಇಷ್ಟು ವರ್ಷ ಏಕೆ ಬರಲಿಲ್ಲ ಎಂಬುದಕ್ಕೆ ಕಡತದಲ್ಲಿ ಏನು ಪುರಾವೆ ಇದೆ ಎಂಬುದೂ ಬರಬೇಕು. ನನ್ನ ಮಟ್ಟಿಗೆ ಆ ಕೊನೆಯ ಭಾಗ ಎಲ್ಲಕ್ಕಿಂತ ಬೆಲೆಯುಳ್ಳದ್ದು. ವಿದ್ಯಾರ್ಥಿಗಳು ಬಿಟ್ಟುಬಿಡುವುದೂ ಅದನ್ನೇ.

ಕಾಯ್ದೆಯ ಪಠ್ಯಕ್ಕೆ ಕೇಂದ್ರದ್ದಾದರೆ ಇಂಡಿಯಾ ಕೋಡ್, ರಾಜ್ಯದ್ದಾದರೆ ಸಂಸದೀಯ ವ್ಯವಹಾರ ಮತ್ತು ಶಾಸನ ರಚನಾ ಇಲಾಖೆಯ ಜಾಲತಾಣ. ಪುಸ್ತಕದಂಗಡಿಯ ಬೇರ್ ಆ್ಯಕ್ಟ್ (ಕಾಯ್ದೆಯ ಪಠ್ಯ ಮಾತ್ರ ಇರುವ ಪುಸ್ತಕ) ಯಾವ ವರ್ಷದ ಮುದ್ರಣ ಎಂದು ನೋಡದೆ ಬಳಸಬೇಡಿ. ಅಡಿಟಿಪ್ಪಣಿಗಳನ್ನು ಓದಿ, ತಿದ್ದುಪಡಿ ಜಾರಿಗೆ ಬಂದ ದಿನ ಇರುವುದು ಅಲ್ಲೇ. ನಿಯಮಗಳನ್ನೂ ತೆಗೆಯಿರಿ. ಅರ್ಜಿಯ ನಮೂನೆ, ಯಾರ ಮುಂದೆ, ಎಷ್ಟು ದಿನದೊಳಗೆ ಎಂಬುವು ಹೆಚ್ಚಾಗಿ ಕಾಯ್ದೆಯಲ್ಲಿಲ್ಲದೆ ನಿಯಮದಲ್ಲಿರುತ್ತವೆ.

ತೀರ್ಪಿನ ಹುಡುಕಾಟಕ್ಕೆ ದುಡ್ಡು ಕೊಡುವ ಡೇಟಾಬೇಸ್ ಇಲ್ಲದಿದ್ದರೂ ನಡೆಯುತ್ತದೆ. ಇಂಡಿಯನ್ ಕಾನೂನ್ ತಾಣದಲ್ಲಿ ಕಲಂ ಸಂಖ್ಯೆ, ಕಾಯ್ದೆಯ ಹೆಸರು, ನಿಮ್ಮ ಪ್ರಕರಣದ ಒಂದು ವಾಸ್ತವಾಂಶ, ಈ ಮೂರನ್ನು ಸೇರಿಸಿ ಹುಡುಕಿ. ಪದಗುಚ್ಛವನ್ನು ಉದ್ಧರಣ ಚಿಹ್ನೆಯೊಳಗೆ ಹಾಕಿ, ನ್ಯಾಯಾಲಯವನ್ನು ಕರ್ನಾಟಕಕ್ಕೆ ಸೀಮಿತಗೊಳಿಸಿ, ಹೊಸದು ಮೊದಲು ಬರುವಂತೆ ಜೋಡಿಸಿ. ಒಳ್ಳೆಯ ತೀರ್ಪೊಂದು ಸಿಕ್ಕ ಮೇಲೆ ಅದನ್ನು ಉಲ್ಲೇಖಿಸಿದ ನಂತರದ ತೀರ್ಪುಗಳ ಪಟ್ಟಿ ತೆರೆಯಿರಿ. ಹಿಂದಕ್ಕೆ ಹೋಗುವುದು ಎಲ್ಲರಿಗೂ ಗೊತ್ತು, ಮುಂದಕ್ಕೆ ಹೋಗುವುದನ್ನು ರೂಢಿ ಮಾಡಿಕೊಳ್ಳಬೇಕು. ಹೆಣ್ಣುಮಕ್ಕಳ ಪಾಲಿನ ವಿಷಯದಲ್ಲಿ 2005ರ ತಿದ್ದುಪಡಿಯ ದಿನ ತಂದೆ ಬದುಕಿದ್ದರೆ ಮಾತ್ರ ಮಗಳಿಗೆ ಪಾಲು ಎಂದ 2015ರ ಪ್ರಕಾಶ್ ವಿರುದ್ಧ ಫೂಲವತಿ ತೀರ್ಪನ್ನು ಹಿಡಿದುಕೊಂಡು, ಅದನ್ನು ತಳ್ಳಿಹಾಕಿದ 2020ರ ವಿನೀತಾ ಶರ್ಮಾ ತೀರ್ಪನ್ನು ನೋಡದೆ ಬಿಟ್ಟರೆ ಒಬ್ಬ ಮಗಳ ಪಾಲೇ ಹೋಗುತ್ತದೆ.

2024ರ ಜುಲೈ 1ರಿಂದ ಹೊಸ ಅಪರಾಧ ಕಾನೂನುಗಳು ಬಂದ ಮೇಲೆ ಇನ್ನೊಂದು ತೊಡಕು ಸೇರಿದೆ. ಹೆಂಡತಿ ಮಕ್ಕಳ ಜೀವನಾಂಶ ಈಗ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ, ಅಂದರೆ ಬಿಎನ್‌ಎಸ್‌ಎಸ್‌ನ 144ನೇ ಕಲಂ. ಆ ಸಂಖ್ಯೆಯಿಂದ ಹುಡುಕಿದರೆ ನಿಷೇಧಾಜ್ಞೆಯ ತೀರ್ಪುಗಳೇ ಸಾಲುಗಟ್ಟುತ್ತವೆ, ಏಕೆಂದರೆ ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ, ಅಂದರೆ ಸಿಆರ್‌ಪಿಸಿಯ 144 ಅದೇ ಆಗಿತ್ತು. ಜೀವನಾಂಶಕ್ಕೆ ಹಳೆಯ 125ರಿಂದ ಹುಡುಕಿ. ಅರ್ಜಿಯಿಂದಲೇ ಲೆಕ್ಕ ಹಿಡಿದು ಜೀವನಾಂಶ ಕೊಡಬೇಕು, ಇಬ್ಬರೂ ಆಸ್ತಿ-ಆದಾಯದ ಪ್ರಮಾಣಪತ್ರ ಸಲ್ಲಿಸಬೇಕು ಎಂದ 2020ರ ರಜನೀಶ್ ವಿರುದ್ಧ ನೇಹಾ ತೀರ್ಪು ಸಿಗುವುದು ಆ ದಾರಿಯಲ್ಲೇ. ಅರ್ಜಿ ಜುಲೈ 1ಕ್ಕೂ ಮೊದಲೇ ಬಾಕಿ ಇತ್ತೇ ಎಂದು ದಿನಾಂಕದ ಹಾಳೆ ನೋಡಿ. ಇದ್ದರೆ 531ನೇ ಕಲಮಿನಂತೆ ಅದು ಹಳೆಯ ಸಂಹಿತೆಯಲ್ಲೇ ಮುಂದುವರಿಯುತ್ತದೆ.

ಓದುವಾಗ ಆಗುವ ದೊಡ್ಡ ತಪ್ಪು, ವಕೀಲರ ವಾದವನ್ನು ನ್ಯಾಯಾಲಯದ ಅಭಿಪ್ರಾಯವೆಂದು ಎತ್ತಿಬಿಡುವುದು. ತೀರ್ಪಿನ ಮೊದಲ ಭಾಗದಲ್ಲಿ ಎರಡೂ ಕಡೆಯ ವಾದ ಬಂದಿರುತ್ತದೆ, ಹುಡುಕಾಟದ ಫಲಿತಾಂಶ ಹಲವು ಸಲ ಆ ಪ್ಯಾರಾವನ್ನೇ ತೋರಿಸುತ್ತದೆ. ಹಾಗಾಗಿ ಕೊನೆಯ ಆದೇಶ ಮೊದಲು ಓದಿ, ಅಲ್ಲಿಂದ ಕಾರಣಗಳಿಗೆ ಹಿಂತಿರುಗಿ. ಪೀಠದಲ್ಲಿ ಎಷ್ಟು ನ್ಯಾಯಮೂರ್ತಿಗಳಿದ್ದರು ಎಂದು ಬರೆದಿಡಿ. ತೀರ್ಪಿನ ಮೇಲೆ ಪ್ರಕಾಶಕರು ಹಾಕುವ ಸಾರಾಂಶವನ್ನು (ಹೆಡ್‌ನೋಟ್) ಎಂದೂ ಉದ್ಧರಿಸಬೇಡಿ.

ಸಮಬಲದ ಎರಡು ಪೀಠಗಳು ಬೇರೆ ಬೇರೆ ಹೇಳಿದಂತೆ ಕಂಡರೆ ವಾಸ್ತವಾಂಶಕ್ಕೆ ಇಳಿಯಬೇಕು. ಹಿರಿಯ ನಾಗರಿಕರ 2007ರ ಕಾಯ್ದೆಯ 23ನೇ ಕಲಮಿನಡಿ ದಾನಪತ್ರ ರದ್ದತಿಗೆ, ನೋಡಿಕೊಳ್ಳುವ ಷರತ್ತಿನ ಮೇಲೆ ವರ್ಗಾವಣೆಯಾಗಿರಬೇಕು ಎಂದು 2022ರ ಸುದೇಶ್ ಛಿಕಾರಾ ತೀರ್ಪು ಹೇಳಿತು. 2025ರ ಜನವರಿಯ ಊರ್ಮಿಳಾ ದೀಕ್ಷಿತ್ ತೀರ್ಪು ಕಲಮನ್ನು ಉದಾರವಾಗಿ ಓದಿತು, ಆದರೆ ಅಲ್ಲಿ ಮಗ ಬರೆದುಕೊಟ್ಟ ಪ್ರತ್ಯೇಕ ವಚನಪತ್ರವೂ ದಾಖಲೆಯಲ್ಲಿತ್ತು. ಹಾಗಾಗಿ ಅಜ್ಜಿ ದಾನಪತ್ರ ತಂದರೆ, ಅದೇ ಹೊತ್ತಿನಲ್ಲಿ ಮಗ ಬೇರೆ ಏನಾದರೂ ಬರೆದುಕೊಟ್ಟಿದ್ದಾನೆಯೇ ಎಂದು ಕೇಳಲೇಬೇಕು.

ಎಐ ಉಪಕರಣ ಕೊಟ್ಟ ಪ್ರಕರಣದ ಹೆಸರನ್ನು, ಮೂಲ ತೀರ್ಪು ತೆರೆದು ಓದುವವರೆಗೆ, ಇಲ್ಲವೆಂದೇ ಭಾವಿಸಿ. ಇಲ್ಲದ ತೀರ್ಪುಗಳು ನ್ಯಾಯಾಲಯದ ಆದೇಶಗಳೊಳಗೇ ನುಸುಳಿದ ಉದಾಹರಣೆ ಬೆಂಗಳೂರಿನಲ್ಲೇ ಇದೆ. ಕಕ್ಷಿದಾರರ ಹೆಸರು, ಸರ್ವೆ ನಂಬರ್, ಆಧಾರ್ ಯಾವುದನ್ನೂ ಅಂಥ ಕಡೆ ಹಾಕಕೂಡದು.

ಟಿಪ್ಪಣಿ ಎರಡು ಪುಟ ಮೀರಬಾರದು. ಪ್ರಶ್ನೆ ಒಂದು ವಾಕ್ಯದಲ್ಲಿ, ಉತ್ತರ ಮೂರು ವಾಕ್ಯದಲ್ಲಿ, ನಂತರ ದಿನಾಂಕದ ಪಟ್ಟಿ, ಕಲಮಿನ ಪೂರ್ಣ ಪಠ್ಯ, ಪರ ತೀರ್ಪು, ವಿರುದ್ಧ ತೀರ್ಪು, ಪ್ಯಾರಾ ಸಂಖ್ಯೆ ಸಹಿತ. ವಿರುದ್ಧ ತೀರ್ಪನ್ನು ಮುಚ್ಚಿಟ್ಟರೆ ಎದುರು ವಕೀಲರು ಅದನ್ನೇ ತರುತ್ತಾರೆ. ಈ ಟಿಪ್ಪಣಿ ಪ್ಯಾನಲ್ ವಕೀಲರ (ಕಾನೂನು ನೆರವಿಗೆ ನೇಮಕವಾದ ವಕೀಲರ) ಕೈಗೆ ಹೋಗಬೇಕು. ‘ಗೆಲ್ತೀರಾ ಅಜ್ಜಿ’ ಎಂದು ನಾವು ಹೇಳುವಂತಿಲ್ಲ.

ಕೊನೆಗೆ ಇಲ್ಲದ ದಾಖಲೆಗಳ ಪಟ್ಟಿ. ಮೂಲ ಮಂಜೂರಾತಿ ಆದೇಶ, ಮ್ಯುಟೇಶನ್ (ಖಾತೆ ಬದಲಾವಣೆ) ಉದ್ಧೃತ ಭಾಗ, ಹಳೆಯ ಪಹಣಿಗಳಿಗೆ ತಾಲ್ಲೂಕು ಕಚೇರಿಯ ದಾಖಲೆ ಕೊಠಡಿಗೆ ಸರ್ವೆ ನಂಬರ್ ಮತ್ತು ವರ್ಷ ಬರೆದು ದೃಢೀಕೃತ ನಕಲಿನ ಅರ್ಜಿ ಕೊಡಿಸಿ. ಕಡತ ಲಭ್ಯವಿಲ್ಲ ಎಂದರೆ ಬಾಯಿಮಾತಿಗೆ ಒಪ್ಪದೆ ಹಿಂಬರಹ (ಕಚೇರಿಯ ಲಿಖಿತ ಉತ್ತರ) ಕೇಳಿ ಪಡೆಯಿರಿ. ದಾಖಲೆಗಾಗಿ ಕಕ್ಷಿದಾರರು ಪ್ರಯತ್ನಿಸಿದ್ದಾರೆ ಎಂಬುದಕ್ಕೆ ಮುಂದೆ ಅದೇ ಸಾಕ್ಷಿ.