ಪ್ಲಾಸ್ಮಾ ಪಟ್ಟಿಯಿಂದ ರೆಕ್ಕೆಯ ಮೇಲಿನ ಗಾಳಿ ಹಿಡಿದದ್ದು: ನನ್ನ ಅನುಭವ

"ಹತ್ತು ಸಾವಿರ ವೋಲ್ಟ್ ಕೊಟ್ಟು ಸೆಕೆಂಡಿಗೆ ಮೂರು ಮೀಟರ್ ಗಾಳಿ ಹುಟ್ಟಿಸ್ತೀರಿ, ಅದರಿಂದ ರೆಕ್ಕೆಗೇನು ಆಗುತ್ತೆ?" ಅಂತ ಕೇಳಿದವರೇ ಹೆಚ್ಚು. ಈಗ ಅಂತರಸನಹಳ್ಳಿಯ ನನ್ನ ಶೆಡ್ಡಿಗೆ ಬನ್ನಿ, ಊದುಬತ್ತಿ ಹೊಗೆಯಲ್ಲೇ ತೋರಿಸ್ತೀನಿ. ತೆಳು ಟೇಪಿನ ಮೇಲೊಂದು, ಕೆಳಗೊಂದು ತಾಮ್ರದ ಪಟ್ಟಿ ಅಂಟಿಸಿ ಹೈ ವೋಲ್ಟೇಜ್ ಎಸಿ ಕೊಟ್ಟರೆ, ಅಂಚಿನ ಗಾಳಿ ಪ್ಲಾಸ್ಮಾ (ವಿದ್ಯುತ್ ಕಣಗಳ ಹೊಳೆಯುವ ಅನಿಲ) ಆಗಿ ಸುತ್ತಲಿನ ಗಾಳಿಯನ್ನು ರೆಕ್ಕೆಯ ಮೈಗುಂಟ ತಳ್ಳುತ್ತೆ. ಅಮೆರಿಕದ ಪ್ಲಾಸ್ಮಾ ವಿಜ್ಞಾನಿ ರೀಸ್ ರಾತ್ ತಂಡ 1998ರಲ್ಲೇ ಪ್ಲಾಸ್ಮಾದಿಂದ ಮೇಲ್ಮೈ ಗಾಳಿಯನ್ನು ತಿದ್ದಿ ತೋರಿಸಿತ್ತು. ನಾನು ಅದನ್ನು ತುಮಕೂರಿನಲ್ಲಿ, ಗುಜರಿ ಸಾಮಾನಿನಲ್ಲಿ ಮಾಡಿದೆ.

ದುಡ್ಡು ನುಂಗಿದ್ದು ಈ ಹೈ ವೋಲ್ಟೇಜ್ ಕೊಡುವ ಸಪ್ಲೈ. ಗುಜರಿಯಿಂದ ತಂದ ಟಿವಿ ಫ್ಲೈಬ್ಯಾಕ್‌ಗಳ (ಹಳೇ ಟಿವಿಯ ಹೈ ವೋಲ್ಟೇಜ್ ಟ್ರಾನ್ಸ್‌ಫಾರ್ಮರ್) ಒಳಗೇ ಡಯೋಡ್ ಕೂತಿತ್ತು, ಬರೋದು ಡಿಸಿ ಮಾತ್ರ, ನನಗೆ ಬೇಕಿದ್ದು ಎಸಿ. ಬೈಕಿನ ಇಗ್ನಿಷನ್ ಕಾಯಿಲ್‌ಗಳು ಕಿಲೋಹರ್ಟ್ಜ್‌ನಲ್ಲಿ ಕಾದು ಸತ್ತವು. ಕೊನೆಗೆ ಬೆಂಗಳೂರಿನ ಎಸ್‌ಪಿ ರೋಡಿನಿಂದ ಫೆರೈಟ್ ಕೋರ್ ತಂದು, ಮೋಟಾರ್ ವೈಂಡಿಂಗ್ ಮಾಡುವ ಹುಡುಗನ ಕೈಲಿ ಅದಕ್ಕೆ ತಂತಿ ಪದರ ಪದರವಾಗಿ ಸುತ್ತಿಸಿ, ಟ್ರಾನ್ಸ್‌ಫಾರ್ಮರ್ ಎಣ್ಣೆಯಲ್ಲಿ ಮುಳುಗಿಸಿದೆ. ಹಿಂದೆ ಟಿಡಿಎ 7294 ಆಡಿಯೋ ಆಂಪ್ಲಿಫೈಯರ್. ಪಟ್ಟಿಯ ಕೆಪಾಸಿಟೆನ್ಸ್ (ಚಾರ್ಜ್ ಹಿಡಿದಿಡುವ ಗುಣ) ಸೇರಿ ರೆಸೊನೆನ್ಸ್ (ವೋಲ್ಟೇಜ್ ಅತಿ ಹೆಚ್ಚು ಏರುವ ಆವರ್ತನ) ಎಲ್ಲಿ ಬರುತ್ತೋ ಅಲ್ಲೇ ಓಡಿಸಬೇಕು. ನನ್ನದು 5 ಕಿಲೋಹರ್ಟ್ಜ್ ಆಸುಪಾಸು, ಪಟ್ಟಿಯ ಉದ್ದ ಬದಲಾದರೆ ಅದೂ ಜಾರುತ್ತೆ. ಹದಿನೈದು ಸಾವಿರದ ಮೇಲೆ ಖರ್ಚಾಯ್ತು, ಅರ್ಧ ಸುಟ್ಟುಹೋದ ಸಾಮಾನಿಗೇ.

ಶಾಖ ತಡೆಯುವ ಇನ್ಸುಲೇಷನ್ ಟೇಪು ಕ್ಯಾಪ್ಟಾನ್ ಮೂರು ಪದರ ಹಾಕಿದಾಗ ತಾಮ್ರದ ಮೂಲೆಯಲ್ಲೇ ತೂತು ಬೀಳ್ತಿತ್ತು. ಆರು ಪದರ ಹಾಕಿ, ಮೂಲೆಗಳನ್ನು ದುಂಡಗೆ ಕತ್ತರಿಸಿ, ಕೆಳಗಿನ ಪಟ್ಟಿಯನ್ನು ಪೂರ್ತಿ ಮುಚ್ಚಿದ ಮೇಲೆ 9 ಕಿಲೋವೋಲ್ಟ್ ಪೀಕ್-ಟು-ಪೀಕ್ (ಅಲೆಯ ಮೇಲ್ತುದಿಯಿಂದ ಕೆಳತುದಿಗೆ) ತಡೆಯಿತು. ಮೇಲಿನ ಪಟ್ಟಿಯ ಅಂಚಿಗೆ ನಾನು ಮಾಡುವ ಒಂದು ಕೆಲಸವಿದೆ, ನೇರಳೆ ಬೆಳಕು ಎಳೆ ಎಳೆಯಾಗದೆ ಒಂದೇ ಸಮ ಹಬ್ಬೋದು ಅದರಿಂದಲೇ. ಅದನ್ನು ಸದ್ಯಕ್ಕೆ ಹೇಳಲ್ಲ. ಓಝೋನ್ ವಾಸನೆ ಗಂಟಲು ಹಿಡಿಯುತ್ತೆ, ಕಿಟಕಿ ತೆಗೆದೇ ಕೆಲಸ ಮಾಡಿ.

ಇಷ್ಟಾದರೂ ಸತತವಾಗಿ ಉರಿಸಿದಾಗ ಲಾಭ ಅಷ್ಟಕ್ಕಷ್ಟೇ. ವೋಲ್ಟೇಜ್ ಏರಿಸಿ ಅಂತ ಎಲ್ಲರೂ ಹೇಳಿದರು. ನಾನು ಏರಿಸಲಿಲ್ಲ, ಬಿಟ್ಟು ಬಿಟ್ಟು ಉರಿಸಿದೆ. ಗಾಳಿ ಸೆಕೆಂಡಿಗೆ 6 ಮೀಟರ್, ಕಾರ್ಡ್ (ರೆಕ್ಕೆಯ ಮುಂದಿನ ಅಂಚಿನಿಂದ ಹಿಂದಿನ ಅಂಚಿನವರೆಗಿನ ಅಗಲ) 15 ಸೆಂ.ಮೀ. ಭಾಗಿಸಿದರೆ 40 ಹರ್ಟ್ಜ್, ಅಂದರೆ ಸೆಕೆಂಡಿಗೆ 40 ಸಲ. ಆ ಲಯದಲ್ಲಿ, ಪ್ರತಿ ಆವರ್ತದ ಐದರಲ್ಲೊಂದು ಭಾಗ ಮಾತ್ರ ಉರಿಸಿದಾಗ, ಮುಂಚೂಣಿ ಅಂಚಿನಲ್ಲೇ ಕಿತ್ತುಹೋಗಿದ್ದ ಹೊಗೆ ರೆಕ್ಕೆಗೆ ಅಂಟಿಕೊಂಡಿತು! ಹತ್ತು-ಹನ್ನೊಂದು ಡಿಗ್ರಿ ಓರೆಗೇ ಸ್ಟಾಲ್ ಆಗ್ತಿದ್ದ (ಗಾಳಿ ಕಿತ್ತುಕೊಂಡು ಲಿಫ್ಟ್, ಅಂದರೆ ಎತ್ತುವ ಬಲ, ಕುಸೀತಿದ್ದ) ನನ್ನ ನಾಕಾ 0015 ಆಕಾರದ ರೆಕ್ಕೆ ಹದಿನೈದರವರೆಗೂ ನಿಂತಿತು. 55 ಗ್ರಾಂಗೆ ಕುಸಿದಿದ್ದ ಲಿಫ್ಟ್ 80ರ ಹತ್ತಿರ ಬಂತು, ಕರೆಂಟು ಮೊದಲಿಗಿಂತ ಕಡಿಮೆ.

ಈ ಗ್ರಾಂ ಲೆಕ್ಕ ನಂಬೋಕೆ ಡಿಜಿಟಲ್ ತಕ್ಕಡಿ ಬಿಡಬೇಕಾಯ್ತು. ಪ್ಲಾಸ್ಮಾ ಹೊತ್ತಿದ ಕೂಡಲೇ ಅದರ ಅಂಕಿಗಳು ಹುಚ್ಚೆದ್ದು ಕುಣೀತಿದ್ದವು. ಅಕ್ಕಸಾಲಿಗರ ಹಳೇ ತಕ್ಕಡಿಯ ದಂಡ ಕೊಂಡು, ದಾರ ಕಟ್ಟಿ ವಿಂಡ್ ಟನೆಲ್ (ಗಾಳಿ ಊದಿ ರೆಕ್ಕೆ ಪರೀಕ್ಷಿಸುವ ಸುರಂಗ) ಹೊರಗೆ ನಿಲ್ಲಿಸಿದೆ. ಟನೆಲ್ ಅಂದರೆ ಪ್ಲೈವುಡ್ ಡಬ್ಬ, ಜ್ಯೂಸ್ ಸ್ಟ್ರಾ ಜಾಲರಿ, ಕೋಳಿ ಫಾರಂನ ಎಕ್ಸಾಸ್ಟ್ ಫ್ಯಾನು. ಅದರಲ್ಲೇ ಎರಡಿಂಚಿನ ಪಿವಿಸಿ ಪೈಪಿಗೂ ಎರಡೂ ಕಡೆ ಪಟ್ಟಿ ಹಾಕಿ ನೋಡಿದೆ, ಹಿಂದಿನ ಸುಳಿಗಳ ಬಾಲ ಚೆನ್ನಾಗಿಯೇ ಕಿರಿದಾಯ್ತು.

ಮಳೆಗಾಲದ ತೇವಕ್ಕೆ ಹೊಳಪು ಮಂಕಾಗುತ್ತೆ, ಅದಕ್ಕೆ ದಾರಿ ಹುಡುಕ್ತಿದ್ದೀನಿ. ಸಪ್ಲೈ ಈಗ ಒಂದೂವರೆ ಕೆಜಿ ತೂಗುತ್ತೆ. 300 ಗ್ರಾಂಗೆ ಇಳಿದರೆ ಗ್ಲೈಡರಿಗೆ ಏರಿಸ್ತೀನಿ.